ಠರಾವಿನಲ್ಲಿ ಬರೆಯದೆ ಬಿಟ್ಟ ಹೆಸರು

ಮೊನ್ನೆ ಬೆಳಿಗ್ಗೆ ಅಟ್ಟದ ಟ್ರಂಕು ಇಳಿಸಿ ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬಳ್ಳಾರಿಯಲ್ಲಿದ್ದುಕೊಂಡು ಟ್ರಂಕಿನ ತುಂಬ ಸ್ವೆಟರು ಇಟ್ಟುಕೊಂಡಿದ್ದಾಳಲ್ಲ ಎಂದು ನೀವು ನಗಬಹುದು. ನಗಿ. ನಮ್ಮೂರಿನ ಚಳಿ ಬೆಳಿಗ್ಗೆ ಹಾಲಿನವನ ಜೊತೆ ಬಂದು, ಒಲೆಯ ಮೇಲೆ ಒಗ್ಗರಣೆ ಚಟಪಟ ಅನ್ನುವ ಹೊತ್ತಿಗೆ ಎದ್ದು ಹೋಗಿಬಿಡುತ್ತದೆ. ಆದರೂ ಡಿಸೆಂಬರ್ ಬಂತೆಂದರೆ ಊರಿಗೆ ಊರೇ ಕಿವಿಗೆ ಮಫ್ಲರ್ ಸುತ್ತಿಕೊಂಡು ಮಂಡಕ್ಕಿ ಒಗ್ಗರಣಿ-ಮಿರ್ಚಿ ಬಂಡಿಯ ಮುಂದೆ ಗಡಗಡ ನಡುಗುವ ಶೋಕಿ ಮಾಡುತ್ತದೆ. ನಾನೂ ಅದೇ ಊರಿನವಳು.

ಸ್ವೆಟರುಗಳನ್ನು ಒಂದೊಂದಾಗಿ ಕೊಡವಿ ಕುರ್ಚಿಯ ಮೇಲೆ ಹರವುತ್ತಿದ್ದೆ. ಪಡಸಾಲೆಯಲ್ಲಿ ಟಿವಿ ನಡೆದಿತ್ತು. ಒಬ್ಬ ವಕ್ತಾರರು, ಕೋಟಿನ ಮೇಲಿನ ಗುಂಡಿ ಹಾಕಿ ಕೆಳಗಿನದನ್ನು ಬಿಟ್ಟವರು, ಹೀಗೆ ಹೇಳುತ್ತಿದ್ದರು: "ಕೆಲವು ವೈರಿ ಶಕ್ತಿಗಳಿಗೆ ತಕ್ಕ ಪಾಠ ಕಲಿಸಲಾಗುವುದು."

ನಮ್ಮ ಯಜಮಾನರು ಕಾಫಿ ಲೋಟ ಹಿಡಿದು ತಲೆ ಆಡಿಸಿದರು, ಪಾಠ ತಾವೇ ಕಲಿಸಿ ಬಂದವರ ಹಾಗೆ.

"ಯಾವ ಶಕ್ತಿಗಳು?" ಎಂದು ಕೇಳಿದೆ.

"ಶ್! ಕೇಳಿಸ್ಕೊಳ್ಳಾಕ ಬಿಡು."

"ಕೇಳಿಸ್ಕೊಂಡೇ ಕೇಳ್ತಿದೀನಿ. ಯಾರು ಅಂತ ಹೇಳಲೇ ಇಲ್ಲ."

"ಅದು ವಿದೇಶಾಂಗ ನೀತಿ ಕಣೇ. ಹಂಗೆಲ್ಲಾ ಹೆಸರು ಹೇಳಾಕ ಬರಂಗಿಲ್ಲ. ತಿಳಿಯೋರಿಗೆ ತಿಳೀತೈತಿ."

"ನಿಮಗೆ ತಿಳೀತಾ?"

ಅವರು ಟಿವಿಯ ಸದ್ದು ಹೆಚ್ಚಿಸಿದರು. ತಿಳಿಯಲಿಲ್ಲ ಎಂದು ಗಂಡಸರು ಹೇಳುವ ರೀತಿ ಅದು.

ನೋಡಿ, ನನಗೆ ರಾಜತಾಂತ್ರಿಕತೆ ಗೊತ್ತಿಲ್ಲ. ಅಕ್ಕಿ ಗೊತ್ತು. ಅಕ್ಕಿಯ ಡಬ್ಬಿಯಲ್ಲಿ 'ಏನೋ ಐತಿ' ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನಿರುವುದಿಲ್ಲ. ಏನಿದೆ? ಕರಿ ಹುಳವೋ, ಬಿಳಿ ಹುಳವೋ, ಇರುವೆಯೋ? ಕರಿ ಹುಳಕ್ಕೆ ಬೇವಿನ ಸೊಪ್ಪು ಬೇಕು, ಬಿಳಿಯದಕ್ಕೆ ಬಿಸಿಲು ಬೇಕು, ಇರುವೆಗೆ ಡಬ್ಬಿಯ ಮುಚ್ಚಳ ಸರಿ ಮಾಡಿದರೆ ಸಾಕು. 'ಡಬ್ಬಿಯಲ್ಲಿ ಕೆಲವು ವೈರಿ ಶಕ್ತಿಗಳಿವೆ' ಎಂದು ಕೂಗಿ ಅಡುಗೆಮನೆಗೆಲ್ಲ ಔಷಧಿ ಹೊಡೆದರೆ ಸಾಯುವುದು ಗೋಡೆಯ ಮೇಲಿನ ಹಲ್ಲಿ. ಹುಳ ಅಕ್ಕಿಯೊಳಗೆ ಸುಖವಾಗಿರುತ್ತದೆ. ಇಷ್ಟು ತಿಳುವಳಿಕೆ ಇಲ್ಲದವಳಿಗೆ ನಮ್ಮಲ್ಲಿ ಒಂದು ಅಡುಗೆಮನೆಯನ್ನು ಒಪ್ಪಿಸುವುದಿಲ್ಲ. ದೇಶಗಳನ್ನು ಮಾತ್ರ ಒಪ್ಪಿಸುತ್ತಾರೆ.

ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಕೈಯಲ್ಲಿ ಯಾವಾಗಲೂ ಒಂದು ಕೆಂಪು ಪೆನ್ಸಿಲ್ಲು. ಹುಡುಗಿಯರು ಎದ್ದು ನಿಂತು, "ಸಿಸ್ಟರ್, ಕೆಲವರು ಗಲಾಟೆ ಮಾಡ್ತಿದಾರೆ" ಎಂದು ದೂರು ಹೇಳಿದರೆ ಅವರು ತಲೆ ಎತ್ತದೆ ಕೇಳುತ್ತಿದ್ದರು: "ಕೆಲವರು ಅಂದರೆ ಯಾರು? ಹೆಸರು ಹೇಳು, ಇಲ್ಲ ಕೂತುಕೋ." ನಾವು ಕೂತುಕೊಳ್ಳುತ್ತಿದ್ದೆವು. ಯಾಕೆಂದರೆ ಗಲಾಟೆ ಮಾಡುತ್ತಿದ್ದವಳು ಸಾಮಾನ್ಯವಾಗಿ ಮಧ್ಯಾಹ್ನ ನಮಗೆ ಉಪ್ಪಿನಕಾಯಿ ಕೊಡುವವಳೇ ಆಗಿರುತ್ತಿದ್ದಳು. ಈಗಿನ ವಕ್ತಾರರಿಗೆಲ್ಲ ಆ ಸಿಸ್ಟರ್ ಸಿಕ್ಕಿದ್ದರೆ ಜಗತ್ತಿನಲ್ಲಿ ಅರ್ಧಕ್ಕರ್ಧ ಜನ ಕೂತೇ ಇರುತ್ತಿದ್ದರು, ಮತ್ತು ಆ ಮಟ್ಟಿಗೆ ಶಾಂತಿಯೂ ಇರುತ್ತಿತ್ತು.

ಇಷ್ಟೆಲ್ಲ ವ್ಯಂಗ್ಯ ಮಾಡುವುದಕ್ಕೆ ನನಗೆ ಯೋಗ್ಯತೆ ಇದೆಯೇ ಎಂಬುದನ್ನೂ ಹೇಳಿಬಿಡಬೇಕು. ಇಲ್ಲ. ಯಾಕೆಂದರೆ ಅಂಥದೊಂದು ಹೇಳಿಕೆಯನ್ನು ನಾನೇ, ನನ್ನ ಕೈಯಾರೆ, ದುಂಡು ಅಕ್ಷರದಲ್ಲಿ ಬರೆದಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬೀದಿಯ ಮಹಿಳಾ ಮಂಡಳಿಗೆ ನಾನು ಕಾರ್ಯದರ್ಶಿ. ಹಾಗೆಂದರೆ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಉಳಿದವರಿಗೆ ನಡಾವಳಿ ಪುಸ್ತಕ ಬರೆಯಲು ಬೇಸರ, ನನ್ನ ಅಕ್ಷರ ಚೆನ್ನಾಗಿದೆ, ಇಷ್ಟೇ ಅರ್ಹತೆ. ಅಧ್ಯಕ್ಷೆ ಗಿರಿಜಮ್ಮ. ಅವರ ಯಜಮಾನರಿಗೆ ಸಿರುಗುಪ್ಪದಲ್ಲಿ ರೈಸ್ ಮಿಲ್ಲಿದೆ. ಖಜಾಂಚಿ ವನಜಾಕ್ಷಿ. ಅವರ ಮನೆಯ ಹಿಂದೆಯೇ ಜೀನ್ಸ್ ಹೊಲಿಯುವ ಘಟಕ. ಹದಿನಾರು ಮಷೀನುಗಳು ಒಟ್ಟಿಗೆ ಕರಕರ ಅನ್ನುವುದರಿಂದ ವನಜಾಕ್ಷಿ ದೇವರ ಹೆಸರನ್ನೂ ಕೂಗಿಯೇ ಹೇಳುವುದು. ಶುಕ್ರವಾರ ಸಂಜೆ ಭಜನೆ, ಕೋಸಂಬರಿ, ಆಮೇಲೆ ಲೋಕದ ಸಮಾಚಾರ.

ಮಂಡಳಿಯ ಭವನದ ಮುಂದೆ, ಕಾಂಪೌಂಡಿನೊಳಗೇ, ಒಂದು ಬಯಲಿದೆ. ಪ್ರತಿ ಚಳಿಗಾಲ ಆರು ವಾರ ಅಲ್ಲಿ ಸ್ವೆಟರಿನ ಅಂಗಡಿ ಬೀಳುತ್ತಿತ್ತು. ನಾಲ್ಕು ಗಳ, ಮೇಲೊಂದು ನೀಲಿ ತಾಡಪತ್ರಿ, ಹಗ್ಗಕ್ಕೆ ಸಾಲಾಗಿ ತೂಗುಬಿಟ್ಟ ಸ್ವೆಟರುಗಳು. ಅಂಗಡಿಯಾಕೆ ಡೋಲ್ಮಾ. ಟಿಬೆಟಿನವರು ಎಂದು ನಾವು ಹೇಳುತ್ತಿದ್ದೆವು. ಆದರೆ ಆಕೆ ಟಿಬೆಟನ್ನು ಕಣ್ಣಿಂದ ಕಂಡವಳಲ್ಲ. ಹುಟ್ಟಿದ್ದು, ಬೆಳೆದದ್ದು ಎಲ್ಲ ಮುಂಡಗೋಡಿನ ಅವರ ಕ್ಯಾಂಪಿನಲ್ಲಿ. ಸ್ವೆಟರುಗಳು ಬರುತ್ತಿದ್ದುದು ಲುಧಿಯಾನದಿಂದ. ಆಕೆಯ ಕನ್ನಡ ಮಾತ್ರ ನಮ್ಮ ಕಡೆಯದು. ಕಾನ್ವೆಂಟಿನಲ್ಲಿ ಕಲಿತ ನನ್ನ ಪುಸ್ತಕದ ಕನ್ನಡ ಆಕೆಯ ಮುಂದೆ ನಿಂತರೆ ಇಸ್ತ್ರಿ ಹಾಕಿಸಿಕೊಂಡು ಬಂದ ಹಾಗಿರುತ್ತಿತ್ತು.

"ಏನ್ರಿ ಅಕ್ಕಾರ, ಈ ವರ್ಸ ನಿಮ್ಮೂರಾಗ ಥಂಡಿನ ಇಲ್ಲಲ್ರಿ. ನಾ ಏನ್ ಮಣ್ಣು ಮಾರ್ಲಿ?" ಎನ್ನುವಳು.

"ಬರುತ್ತೆ ತಾಳಿ, ಸಂಕ್ರಾಂತಿಗೆ."

"ಸಂಕ್ರಾಂತಿಗೆ ನಾ ಊರಿಗೆ ಹೋಗಿರ್ತೀನ್ರಿ. ಆ ಥಂಡೀನ ನೀವ ಉಟ್ಕೊಳ್ರಿ."

ಒಂದು ಸಲ ನನ್ನ ಮಗಳ ಬೆನ್ನಿಗೆ ಸ್ವೆಟರು ಹಿಡಿದು ಅಳತೆ ನೋಡುತ್ತ, ತನ್ನ ಅಪ್ಪನ ವಿಷಯ ಹೇಳಿದ್ದಳು. ಚೀನಾದ ಸೈನ್ಯ ಬಂದಾಗ ಅವರಪ್ಪ ಇಷ್ಟೇ ಎತ್ತರವಂತೆ. ಅಜ್ಜ ಅವರನ್ನು ಬೆನ್ನಿಗೆ ಕಟ್ಟಿಕೊಂಡು ಹಿಮದೊಳಗೆ ಗುಡ್ಡ ದಾಟಿದರಂತೆ. ದಾಟುವಾಗ ಅಪ್ಪನ ಎಡಗಾಲಿನ ಎರಡು ಬೆರಳು ಹೋದವಂತೆ. "ಈಗ ಮುಂಡಗೋಡದಾಗ ಗೋಂಜಾಳ ಬೆಳಿತಾನ್ರಿ. ಬೂಟು ಹಾಕ್ಕೊಂಡ ಅಂದ್ರ ಯಾರಿಗೂ ಗೊತ್ತಾಗಂಗಿಲ್ಲ" ಎಂದು ನಕ್ಕಿದ್ದಳು. ಮಗಳ ಭುಜದ ಮೇಲಿದ್ದ ಅವಳ ಕೈ ಆಗ ಒಂದು ಗಳಿಗೆ ಅಲ್ಲೇ ನಿಂತಿತ್ತು. ಇಂಥವು ನನಗೆ ಕಾಣುತ್ತವೆ. ಕಂಡದ್ದರಿಂದ ಏನೂ ಪ್ರಯೋಜನವಾಗಲಿಲ್ಲ ಎಂಬುದು ಬೇರೆ ಮಾತು.

ಆ ವರ್ಷ ಗಡಿಯಲ್ಲಿ ಗಲಾಟೆಯಾಯಿತು. ನಮ್ಮ ಸೈನಿಕರು ಸತ್ತರು. ಟಿವಿ ನೋಡಿ ನನಗೂ ಅಳು ಬಂತು. ಆ ಶುಕ್ರವಾರ ಭಜನೆ ಬೇಗ ಮುಗಿಯಿತು. ಗಿರಿಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು.

"ಅಲ್ಲಿ ನಮ್ಮ ಹುಡುಗ್ರು ಜೀವ ಕೊಡಾಕತ್ಯಾರ, ನಾವಿಲ್ಲಿ ಕೋಸಂಬರಿ ತಿನ್ಕೋತ ಕುಂತೀವಿ. ನಾಚಿಕಿ ಆಗ್ಬೇಕು. ಒಂದು ಠರಾವ್ ಮಾಡ್ಬೇಕು. ಬರಿಯವ್ವಾ ಸೆಕ್ರೆಟ್ರಿ."

ಎಲ್ಲರಿಗೂ ನಾಚಿಕೆಯಾಯಿತು. ಕೋಸಂಬರಿ ಆಗಲೇ ಖಾಲಿಯಾಗಿತ್ತು. ನಾನು ಪುಸ್ತಕ ತೆರೆದೆ.

"ಯಾವ ದೇಶದ ವಿರುದ್ಧ ಅಂತ ಬರೀಲಿ?"

"ಚೀನಾ ಅಂತ ಬರೀರಿ, ಇನ್ಯಾವ್ದು?" ಎಂದು ಹಿಂದಿನಿಂದ ಯಾರೋ ಅಂದರು. ನಾನು 'ಚೀ' ಬರೆಯುವುದರೊಳಗೆ ಗಿರಿಜಮ್ಮ ಕೈ ಅಡ್ಡ ಹಿಡಿದರು.

"ತಡಿ ತಡಿ. ಹಂಗ ಒಮ್ಮಿಗೇ ಹೆಸರು ಬರದ್ರ ಹೆಂಗ? ಮಿಲ್ಲಿಗೆ ಅಕ್ಕಿ ಆರಿಸೋ ಹೊಸಾ ಮಷೀನು ಅಲ್ಲಿಂದ ಬಂದೈತಿ. ಜೋಡ್ಸಾಕ ಅವರ ಇಂಜಿನಿಯರ ಬರೋನದಾನ. ನಾಳಿ ಯಾರಾರ ಈ ಠರಾವ್ ಫೋಟೋ ಹೊಡದು ವಾಟ್ಸಾಪಿನಾಗ ಹಾಕಿದ್ರ? ಮಷೀನು ಹಂಗಾ ಪೆಟ್ಟಿಗಿಯೊಳಗ ಕುಂದ್ರತೈತಿ."

ವನಜಾಕ್ಷಿ ಮಷೀನಿನ ಸದ್ದಿಲ್ಲದಿದ್ದರೂ ಕೂಗಿ ಹೇಳಿದರು: "ಹೌದ್ರೀ! ನಮ್ಮ ಪ್ಯಾಂಟಿನ ಜಿಪ್ಪು, ಗುಂಡಿ ಎಲ್ಲಾ ಅಲ್ಲೀವಾ! ಬ್ಯಾರೆ ಜಿಪ್ಪು ಹಾಕಿ ನೋಡೀವಿ, ಎರಡು ಸಲ ಎಳದ್ರ ಕೈಗೇ ಬರ್ತೈತಿ. ಗಿರಾಕಿ ಬಜಾರದಾಗ ಮಾನಾ ಕಳ್ಕೊಂತಾನ!"

"ಹಂಗಾರ ಪಾಕಿಸ್ತಾನ ಅಂತ ಬರದುಬಿಡ್ರಿ" ಎಂದು ಹಿಂದಿನ ದನಿ.

"ಈ ಸಲ ಜಗಳಾ ಅವರ ಕೂಡ ಇಲ್ಲಲ್ಲವ್ವಾ" ಎಂದರು ಗಿರಿಜಮ್ಮ.

"ಇರ್ಲಿ ಬಿಡ್ರಿ, ಅವರು ಯಾವಾಗಿದ್ರೂ ಅದಾರ."

ಅದುವರೆಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ ನಮ್ಮ ಅತ್ತೆ ಕಣ್ಣು ಬಿಟ್ಟರು. ಅತ್ತೆಯ ತವರು ಕುರುಗೋಡು. ಅವರ ತಮ್ಮ ಅಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ. "ನಮ್ಮ ತಮ್ಮನ ಮೆಣಸಿನಕಾಯಿ ಹಡಗ ಹತ್ತಿ ಚೀನಾಕ್ಕ ಹೊಕ್ಕಾವಂತ. ಏಜೆಂಟ ಹೇಳ್ಯಾನ. ಅವರು ತಿನ್ನೂದು ಬಿಟ್ರ ಅಷ್ಟು ಖಾರ ನಾವು ಎಲ್ಲಿ ಸುರುವೂನು? ಹೆಸರು ಬ್ಯಾಡವ್ವಾ" ಎಂದು ಹೇಳಿ ಮತ್ತೆ ಕಣ್ಣು ಮುಚ್ಚಿದರು.

ದೇಶಭಕ್ತಿ ಇತ್ತು, ಕೋಪವಿತ್ತು, ಪುಸ್ತಕವಿತ್ತು, ಶಾಯಿ ಇತ್ತು. ವೈರಿಯೊಬ್ಬ ಮಾತ್ರ ಗೊತ್ತಿದ್ದೂ ಸಿಗುತ್ತಿರಲಿಲ್ಲ. ಆಗ ನಾನು ಗಂಟಲು ಸರಿಮಾಡಿಕೊಂಡೆ. ಇದು ನನ್ನದೇ ಬುದ್ಧಿ, ಯಾರೂ ಹೇಳಿಕೊಟ್ಟದ್ದಲ್ಲ. "ವೈರಿ ರಾಷ್ಟ್ರಗಳು ಹಾಗೂ ಅವುಗಳಿಗೆ ಸಂಬಂಧಿಸಿದ ಶಕ್ತಿಗಳು ಅಂತ ಬರೆದರೆ ಹೇಗೆ?"

ಎಲ್ಲರ ಮುಖ ಅರಳಿತು. ಗಿರಿಜಮ್ಮ ನನ್ನ ಬೆನ್ನು ತಟ್ಟಿದರು. "ಕಾನ್ವೆಂಟ್ ಅಂದ್ರ ಕಾನ್ವೆಂಟ್ ನೋಡವ್ವಾ!"

ಠರಾವೆಂದ ಮೇಲೆ ಏನಾದರೂ ಮಾಡುತ್ತೇವೆ ಎನ್ನಬೇಕಲ್ಲ. ಸೈನ್ಯ ಕಳಿಸುವುದು ನಮ್ಮ ಕೈಲಿರಲಿಲ್ಲ. ಇದ್ದದ್ದು ಒಂದು ಬಯಲು. ಹಾಗಾಗಿ, "ವೈರಿ ರಾಷ್ಟ್ರಗಳು ಹಾಗೂ ಅವುಗಳಿಗೆ ಸಂಬಂಧಿಸಿದ ಶಕ್ತಿಗಳ ಯಾವುದೇ ವ್ಯಾಪಾರಕ್ಕೆ ಮಂಡಳಿಯ ಬಯಲಿನಲ್ಲಿ ಅವಕಾಶ ನೀಡಕೂಡದೆಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು" ಎಂದು ಬರೆದೆ. 'ಷ್ಟ್ರ' ಒತ್ತಕ್ಷರ ಬಹಳ ಚೆನ್ನಾಗಿ ಬಂದಿತ್ತು. ಕೆಳಗೆ ಹತ್ತೊಂಬತ್ತು ಸಹಿಗಳು. ಒಂದು ಪ್ರತಿ ಭವನದ ಗೇಟಿಗೆ. ಆಣೆ ಮಾಡಿ ಹೇಳುತ್ತೇನೆ, ಆ ಹೊತ್ತು ನಮ್ಮಲ್ಲಿ ಒಬ್ಬರಿಗೂ ಡೋಲ್ಮಾ ನೆನಪಾಗಲಿಲ್ಲ.

ನೆನಪಾದದ್ದು ಭವನ ಕಾಯುವ ಹನುಮಂತಪ್ಪನಿಗೆ. ಪಾಪ, ನಿಯತ್ತಿನ ಮನುಷ್ಯ. ಕಾಗದವನ್ನು ಗೇಟಿಗೆ ಅಂಟಿಸಿ, ಎರಡು ಸಲ ಓದಿ, ಇದನ್ನು ಪಾಲಿಸುವುದು ತನ್ನ ಕೆಲಸ ಎಂದು ತಿಳಿದುಕೊಂಡ. ನಮ್ಮ ಹತ್ತೊಂಬತ್ತು ಮಂದಿಗೆ ಹಾಗೆ ಅನ್ನಿಸಿರಲಿಲ್ಲ. ಯಾರ ಮೇಲೆ ಪಾಲಿಸುವುದು? ಅದನ್ನು ಬರೆದಿರಲಿಲ್ಲವಲ್ಲ, ಅವನೇ ತುಂಬಿಕೊಂಡ. ಮರುದಿನ ಡೋಲ್ಮಾ ಬೆಳಗಿನ ಲಾರಿಯಿಂದ ಗಂಟುಗಳನ್ನು ಇಳಿಸುತ್ತಿದ್ದಂತೆ ಗೇಟು ಹಾಕಿದ. ಆಮೇಲೆ ನಾನು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಆಕಿ ಮಾರಿ, ಕಣ್ಣು ನೋಡ್ರೀ ಅಮ್ಮಾ. ಮತ್ತ ಯಾರಂತ ತಿಳ್ಕೊಳ್ಳಿ ನಾನು?"

ಡೋಲ್ಮಾ ನಮ್ಮ ಮನೆಗೆ ಬಂದಾಗ ಹತ್ತೂವರೆ. ಒಗೆದ ಬಟ್ಟೆ ಹಿಂಡುತ್ತಿದ್ದೆ. ಆಕೆಯ ಕೈಯಲ್ಲಿ ಆ ಕಾಗದ. ಹರಿದುಕೊಂಡು ಬಂದಿರಲಿಲ್ಲ. ನಾಲ್ಕೂ ಮೂಲೆ ನಾಜೂಕಾಗಿ ಬಿಡಿಸಿ ತಂದಿದ್ದಳು. ಒಂದು ಮೂಲೆಯಲ್ಲಿ ಮೈದಾ ಅಂಟು ಇನ್ನೂ ಹಸಿಯಾಗಿತ್ತು.

"ಅಕ್ಕಾರ, ನಂಗ ಕನ್ನಡ ಮಾತಾಡೂದಷ್ಟ ಬರ್ತೈತಿ, ಓದಾಕ ಬರಂಗಿಲ್ಲ. ಇದರಾಗೇನ ಬರದಾರ ಓದಿ ಹೇಳ್ರಿ. ಆ ಅಣ್ಣ ಬರೇ ಕೈ ಮಾಡಿ ಹೋಗು ಅಂತಾನ."

ಕೂರಿಸಿ ಚಹಾ ಕೊಟ್ಟೆ. ಓದಿದೆ. ನನ್ನ ವಾಕ್ಯವನ್ನು ನಾನೇ, ಗಟ್ಟಿಯಾಗಿ, ಅದು ಯಾರ ಮೇಲೆ ಬಿದ್ದಿತ್ತೋ ಆಕೆಯ ಎದುರಿಗೆ ಕೂತು ಓದಿದೆ. ಜಗತ್ತಿನ ಎಲ್ಲ ವಕ್ತಾರರಿಗೂ ಈ ಒಂದು ಶಿಕ್ಷೆ ಸಾಕು ಎಂದು ನನಗೆ ಅನ್ನಿಸುವುದು ಆ ದಿನದಿಂದ.

ಆಕೆ ಚಹಾದ ಲೋಟ ಕೆಳಗಿಟ್ಟಳು. "ಯಾವ ದೇಶ ಅಂತ ಐತ್ರಿ?"

"ಬರೆದಿಲ್ಲ."

"ಯಾಕ್ರಿ?"

ನಾನು ಚಹಾದ ಮೇಲಿನ ಕೆನೆ ತೆಗೆಯತೊಡಗಿದೆ.

"ಹೆಸರು ಹಾಕಿದ್ರ ಮೊದಲನೇ ಸಹಿ ನಂದ ಇರ್ತಿತ್ತಲ್ರಿ ಅಕ್ಕಾರ. ನಮ್ಮಪ್ಪನ್ನೂ ಕರ್ಕೊಂಡು ಬಂದು ಮಾಡಸ್ತಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಬಣ್ಣ ಹೋಲಿಸಿ ತೋರಿಸುವಾಗ ಮಾತಾಡುತ್ತಿದ್ದ ದನಿಯೇ. "ವರ್ಸದಾಗ ನಮ್ದು ಈ ಆರು ವಾರ ಅಷ್ಟರಿ. ಬ್ಯಾರೆ ಊರಾಗೆಲ್ಲಾ ಈಗ ಜಾಗಾ ಹಿಡದುಬಿಟ್ಟಿರ್ತಾರ. ಇಲ್ಲಿ ಬಿಟ್ರ ನಾ ಎಲ್ಲಿ ಹೋಗ್ಲಿ?" ಕಾಗದವನ್ನು ತಿರುಗಿಸಿ ನೋಡಿದಳು. "ಚಂದ ಅದಾವ್ರಿ ಅಕ್ಷರ. ಯಾರ ಬರದಾರ್ರಿ ಇದನ್ನ?"

"ಮಂಡಳಿಯವರು" ಎಂದೆ.

ನೋಡಿದಿರಾ? ಆ ಹೊತ್ತಿಗೂ ನನ್ನ ಬಾಯಿಂದ ಬಂದದ್ದು ಅದೇ ಜಾತಿಯ ಮಾತು. ಮಂಡಳಿಯವರು. ಕೆಲವು ಶಕ್ತಿಗಳು.

ಆಕೆಯನ್ನು ಕೂರಿಸಿಯೇ ಗಿರಿಜಮ್ಮನ ಮನೆಗೆ ಹೋದೆ. ಒಂದೋ ಹೆಸರು ಸೇರಿಸೋಣ, ಇಲ್ಲವೋ ಠರಾವು ತೆಗೆಯೋಣ, ಆಕೆಯ ಅಪ್ಪ ಬಂದ ಕಥೆ ಹೀಗಿದೆ, ಎಂದೆಲ್ಲ ಹೇಳಿದೆ. ಗಿರಿಜಮ್ಮ ಕೆಟ್ಟವರಲ್ಲ. ಆ ಕಥೆ ಕೇಳುವಾಗ ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದೇನೆ. ಸೆರಗಿನಿಂದ ಒರೆಸಿಕೊಂಡು ಹೇಳಿದರು:

"ಆಕೀದೇನೂ ತಪ್ಪಿಲ್ಲ ಅಂತ ನನಗೂ ಗೊತ್ತವ್ವಾ. ಆದ್ರ ಆಕೀನ್ನ ಬಿಟ್ಟುಬಿಟ್ರ ಮತ್ತ ಠರಾವು ಯಾರ ಮ್ಯಾಲೆ ಅಂತ ಮಂದಿ ಕೇಳಂಗಿಲ್ಲೇನು?"

ಇಷ್ಟು ವರ್ಷ ಎಷ್ಟೋ ದೊಡ್ಡವರ ಭಾಷಣ ಕೇಳಿದ್ದೇನೆ. ವಿದೇಶಾಂಗ ನೀತಿಯನ್ನು ಇಷ್ಟು ಪ್ರಾಮಾಣಿಕವಾಗಿ ಬಿಡಿಸಿ ಹೇಳಿದವರು ಗಿರಿಜಮ್ಮ ಒಬ್ಬರೇ. ಬಲವಾದ ವೈರಿಯ ಹೆಸರು ಹೇಳಲು ಧೈರ್ಯವಿಲ್ಲ. ಅವನ ಮಷೀನು ಬೇಕು, ಜಿಪ್ಪು ಬೇಕು, ಅವನು ನಮ್ಮ ಖಾರ ತಿನ್ನಬೇಕು. ಆದರೆ ವೈರಿ ಬೇಕೇ ಬೇಕು. ಹಾಗಾಗಿ ಒಂದು ಖಾಲಿ ಚೀಲ ಹೊಲಿದು, ಮೇಲೆ 'ಶಕ್ತಿಗಳು' ಎಂದು ಬರೆದು ಬಾಗಿಲಲ್ಲಿ ಇಡುತ್ತಾರೆ. ಅದರೊಳಗೆ ಬೀಳುವವರು ಯಾರು? ಸಭೆಯಲ್ಲಿ ತಮ್ಮ ಪರವಾಗಿ 'ತಡಿ ತಡಿ' ಎಂದು ಕೈ ಅಡ್ಡ ಹಿಡಿಯುವವರು ಒಬ್ಬರೂ ಇಲ್ಲದವರು.

ಮಧ್ಯಾಹ್ನ ಡೋಲ್ಮಾ ಗಂಟುಗಳನ್ನು ಮತ್ತೆ ಗಾಡಿಗೆ ಹೇರಿಸಿದಳು. ಕಾಗದವನ್ನು ಹನುಮಂತಪ್ಪನ ಕೈಗೇ ಕೊಟ್ಟಳು, ಅವನು ಮತ್ತೆ ಗೇಟಿಗೆ ಹಚ್ಚಿದ. ಹೊಸಪೇಟೆಯ ಕಡೆ ನೋಡುತ್ತೇನೆ ಎಂದಳು. ನಾನು ಮೂರು ಸ್ವೆಟರು ಕೊಂಡೆ. ಯಾರಿಗೂ ಬೇಕಿರಲಿಲ್ಲ. ಗಂಟು ಬಿಚ್ಚಿ, ಅಳತೆ ಕೇಳಿ, ಬಣ್ಣ ಆರಿಸಿ, ಮತ್ತೆ ಗಂಟು ಕಟ್ಟಿದಳು. ಅವಳಿಗೆ ನಾನು ಮಾಡಿದ ಉಪಕಾರವೆಂದರೆ ಕಟ್ಟಿದ ಗಂಟನ್ನು ಬಿಚ್ಚಿಸಿದ್ದು.

ಕಥೆ ಇಲ್ಲಿಗೇ ನಿಂತಿದ್ದರೆ ನನಗೆ ಸ್ವಲ್ಪ ಮಾನ ಉಳಿಯುತ್ತಿತ್ತು. ಅದೇ ವಾರ ಗಿರಿಜಮ್ಮನ ಕಾರು ಮನೆ ಮುಂದೆ ನಿಂತಿತು. ಮಿಲ್ಲಿನ ಮಷೀನು ಜೋಡಿಸಲು ಹೈದರಾಬಾದಿನಲ್ಲಿದ್ದ ಚೀನಾದ ಇಂಜಿನಿಯರ್ ಬಂದಿದ್ದಾನೆ, ಅವನ ಜೊತೆ ಇಂಗ್ಲಿಷ್ ಮಾತಾಡಲು ಯಾರೂ ಇಲ್ಲ, "ನೀನ ಬರ್ಬೇಕವ್ವಾ." ಹೋದೆ. ಯಾಕೆ ಹೋದೆ ಎಂದು ಕೇಳಬೇಡಿ, ಕರೆದರೆ ಇಲ್ಲವೆನ್ನುವುದನ್ನು ನಮಗೆ ಕಾನ್ವೆಂಟಿನಲ್ಲೂ ಕಲಿಸಲಿಲ್ಲ, ಅತ್ತೆಯ ಮನೆಯಲ್ಲೂ ಕಲಿಸಲಿಲ್ಲ. ಸಿರುಗುಪ್ಪದ ದಾರಿಯುದ್ದಕ್ಕೂ ಗದ್ದೆಗಳು ಹಸಿರಾಗಿದ್ದವು. ಮಿಲ್ಲಿನಲ್ಲಿ ಅವನಿಗೆ ಶಾಲು, ಹಾರ, ಬಾಳೆ ಎಲೆ ಊಟ. ಬಹಳ ಸಭ್ಯ ಮನುಷ್ಯ. ಬೆವರು ಒರೆಸಿಕೊಳ್ಳುತ್ತ, ಮೆಣಸಿನಕಾಯಿ ಬಜ್ಜಿ ತಿಂದು ಕಣ್ಣಲ್ಲಿ ನೀರು ತಂದುಕೊಂಡು, ಮತ್ತೊಂದು ಕೇಳಿದ. ತನ್ನ ತಾಯಿಯೂ ಇಂಥದೇ ಖಾರ ಮಾಡುತ್ತಾಳೆ ಎಂದ. ಅದನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಗಿರಿಜಮ್ಮ ಖುಷಿಯಿಂದ, "ಪಾಪ, ಮನಿ ಬಿಟ್ಟು ಎಷ್ಟು ದಿನಾ ಆತೋ, ಕೇಳವ್ವಾ" ಎಂದರು.

ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಡೋಲ್ಮಾಳ ಅಪ್ಪನ ಬೆರಳು ಹೋದದ್ದು ಅವನಿಂದಲ್ಲ. ನನಗೆ ನಗು ಬಂದದ್ದು ಇದಕ್ಕೆ: ನಮ್ಮ ಠರಾವಿನಿಂದ ಚೀನಾಕ್ಕೆ ಆದದ್ದು ಒಂದು ಬಾಳೆ ಎಲೆ ಊಟ, ಚೀನಾದಿಂದ ಓಡಿಬಂದವರ ಮಗಳಿಗೆ ಆದದ್ದು ಮುಚ್ಚಿದ ಗೇಟು. ಎರಡೂ ಕಡೆ ದುಭಾಷಿ ನಾನೇ. ಕಾಗದ ಓದಿ ಹೇಳಿದ್ದೂ ನಾನು, ಬಜ್ಜಿಯ ಮಾತು ತಿರುಗಿಸಿದ್ದೂ ನಾನು.

ಮರುವರ್ಷ ಗಡಿಯ ಸುದ್ದಿ ಟಿವಿಯಲ್ಲಿ ಸಣ್ಣದಾಯಿತು. ಮುಂಡಗೋಡಿನಿಂದ ಬೇರೆ ಯಾರೋ ಬಂದು ಬಯಲು ಕೇಳಿದರು, ಹನುಮಂತಪ್ಪ ಗೇಟು ತೆಗೆದ. "ಆ ಕಾಗದ?" ಎಂದರೆ, "ಅದು ಮಳಿಗೆ ನೆನದು ಹೋತ್ರಿ ಅಮ್ಮಾ" ಎಂದ. ಠರಾವನ್ನು ಮಾತ್ರ ಯಾರೂ ರದ್ದು ಮಾಡಿಲ್ಲ. ಪುಸ್ತಕದಲ್ಲಿ ಇವತ್ತಿಗೂ ಜಾರಿಯಲ್ಲಿದೆ. ಹೆಸರಿದ್ದ ವೈರಿಯಾದರೆ ಒಂದು ದಿನ ಎದುರು ಕೂತು, ಕಾಗದಕ್ಕೆ ಸಹಿ ಹಾಕಿ, ಕೈ ಕುಲುಕಿ ಜಗಳ ಮುಗಿಸಬಹುದು. 'ಶಕ್ತಿಗಳ' ಜೊತೆ ಯಾರು ಸಂಧಿ ಮಾಡಿಕೊಳ್ಳುವುದು? ಅವು ಸೋಲುವುದೂ ಇಲ್ಲ, ಶರಣಾಗುವುದೂ ಇಲ್ಲ, ವಿಳಾಸವೂ ಇಲ್ಲ. ಬೇಕೆಂದಾಗ ತೆಗೆದು ಯಾರ ತಲೆಗಾದರೂ ತೊಡಿಸಲು ಬರುತ್ತದೆ ಎಂದೇ ಅದನ್ನು ಹಾಗೆ ಇಟ್ಟಿರುತ್ತಾರೆ. ದೊಡ್ಡ ದೊಡ್ಡ ದೇಶಗಳು ಎಷ್ಟೋ ವರ್ಷ ಅಂಥ ಹೆಸರಿಲ್ಲದ ದುಷ್ಟರ ಮೇಲೆ ಯುದ್ಧ ಮಾಡಿ, ಕೊನೆಗೆ ಯಾರ ಮೇಲೆ ಗೆದ್ದೆವು ಎಂದು ಹೇಳಲಾರದೆ ಮನೆಗೆ ಬಂದದ್ದನ್ನು ನಾವೇ ನೋಡಿದ್ದೇವೆ. ದಾರಿಯಲ್ಲಿ ಎಷ್ಟು ಡೋಲ್ಮಾಗಳ ಗೇಟು ಮುಚ್ಚಿತೋ, ಅದನ್ನು ಟಿವಿಯವರು ಹೇಳುವುದಿಲ್ಲ.

ಮೊನ್ನೆ ವಕ್ತಾರರ ಮಾತು ಮುಗಿಯಿತು. ಯಜಮಾನರಿಗೆ ಒಂದು ಮಂಕಿ ಟೊಪ್ಪಿ ಬೇಕಂತೆ, ಸಂಜೆ ಬಯಲಿಗೆ ಹೋದೆ. ಈ ವರ್ಷದ ಅಂಗಡಿಯಾಕೆ ಇಪ್ಪತ್ತೈದರ ಆಚೀಚಿನವಳು. ಹೆಸರು ಯಾಂಗ್ಚೆನ್. ಟೊಪ್ಪಿ ಹುಡುಕುತ್ತಿದ್ದಂತೆ ಕೇಳಿದೆ: "ಡೋಲ್ಮಾ ಅಂತ ಒಬ್ಬರು ಬರ್ತಿದ್ರು. ಗೊತ್ತಾ?"

"ಅಯ್ಯ, ಗೊತ್ತಿಲ್ದೇನ್ರಿ! ನಮ್ಮ ದೊಡ್ಡವ್ವನ ಮಗಳರಿ. ಈಗ ಹೊಸಪ್ಯಾಟಿಗೆ ಹೊಕ್ಕಾಳ್ರಿ ಪ್ರತಿ ವರ್ಸ. ಮೊದಲನೇ ವರ್ಸ ಭಾಳ ತ್ರಾಸಾತಂತ್ರಿ, ಬಸ್‌ಸ್ಟ್ಯಾಂಡಿನ ಬಾಜೂಕ ನೆಲದ ಮ್ಯಾಲೆ ಹಾಸಿಕೊಂಡು ಮಾರಿದ್ಲಂತ. ಈಗ ಚಲೋ ಐತ್ರಿ."

ಸಮಾಧಾನವಾಗಬೇಕಿತ್ತು. "ಮತ್ತೆ ಬಳ್ಳಾರಿಗೆ ಬರೋದಿಲ್ಲವಾ? ಇಲ್ಲಿ ಎಲ್ಲರೂ ಕೇಳ್ತಿರ್ತೀವಿ." ಕೇಳುತ್ತಿದ್ದುದು ಯಾರೂ ಇಲ್ಲ, ನಾನೊಬ್ಬಳೇ, ಅದೂ ಅವತ್ತು ಮೊದಲ ಸಲ.

ಯಾಂಗ್ಚೆನ್ ಟೊಪ್ಪಿ ಕೊಡವಿ ನನ್ನ ಕೈಗೆ ಇಟ್ಟಳು. "ನಾನೂ ಕರದೇನ್ರಿ. ಬರಂಗಿಲ್ಲ ಅಂತಾಳ. ಅಲ್ಲಿ ನನಗ ಆಗಲಾರದವ್ರು ಅದಾರ ಅಂತಾಳ್ರಿ."

"ಆಗಲಾರದವರಾ? ಯಾರಂತೆ?"

"ಅದನ್ನ ಹೇಳಂಗಿಲ್ರಿ ಆಕಿ. ಯಾರರ ಅದಾರ ಬಿಡು, ಮಂಡಳಿಯವರು, ಅಂತಾಳ ಅಷ್ಟ."

ಬಯಲಿನಲ್ಲಿ ಬಿಸಿಲು ಇನ್ನೂ ಇತ್ತು. ಉಣ್ಣೆ ಟೊಪ್ಪಿ ಹಿಡಿದ ಅಂಗೈ ಬೆವೆಯುತ್ತಿತ್ತು. ನನಗೊಂದು ಸಂಶಯ ಬಂತು: ಆ ದಿನ ನಾನು 'ಮಂಡಳಿಯವರು' ಎಂದಾಗ ಬರೆದವಳು ನಾನೆಂಬುದು ಆಕೆಗೆ ಗೊತ್ತಾಗಿರಲಿಲ್ಲವೆಂದು ನಾನೇಕೆ ನಂಬಿಕೊಂಡಿದ್ದೆ? ಗೊತ್ತಿದ್ದೂ ಹೇಳದೆ ಬಿಟ್ಟಿದ್ದಾಳೋ, ಗೊತ್ತಿಲ್ಲದೆ ಇಡೀ ಊರನ್ನೇ ಆ ಮಾತಿನೊಳಗೆ ಸೇರಿಸಿಕೊಂಡಿದ್ದಾಳೋ? ನನ್ನಿಂದಾಗಿ ಹನುಮಂತಪ್ಪ, ಮಿರ್ಚಿ ಬಂಡಿಯವನು, ನನ್ನ ಮಗಳು, ಎಲ್ಲರೂ ಆಕೆಗೆ ಆಗಲಾರದವರು.

"ನಿನ್ನ ಫೋನು ತೆಗಿಯಮ್ಮ" ಎಂದೆ. "ಅವರಿಗೆ ಒಂದು ಹೆಸರು ಕಳಿಸಬೇಕು."

"ಯಾರದ್ರಿ?"

"ಆ ವರ್ಷ ಗೇಟಿಗೆ ಹಚ್ಚಿದ ಕಾಗದ ಇತ್ತಲ್ಲ, ಅದನ್ನು ಬರೆದವರದು. ಮಂಡಳಿಯವರಲ್ಲ, ಒಬ್ಬರೇ ಬರೆದದ್ದು ಅಂತ ಹಾಕು."

ಹೆಸರು ಹೇಳಿದೆ. ನನ್ನ ಹೆಸರು, ಅದರ ಮುಂದೆ ಗಂಡನ ಮನೆತನದ್ದು, ಬೀದಿ, ಮನೆಯ ನಂಬರು. ಯಾಂಗ್ಚೆನ್ ಒಂದು ಸಲ ನನ್ನ ಮುಖ ನೋಡಿದಳು. "ಇಂಗ್ಲಿಷ್‌ನಾಗ ಹಾಕ್ತೀನ್ರಿ, ಆಕೀಗೆ ಓದಾಕ ಬರ್ಬೇಕಲ್ಲ. ಸ್ಪೆಲ್ಲಿಂಗ್ ಹೇಳ್ರಿ" ಎಂದಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ನಡುವೆ ಒಂದು ಕಡೆ ತಪ್ಪಿದಳು, ಅಳಿಸಿ ಸರಿ ಮಾಡಿಸಿದೆ. ಕಳಿಸುವ ಗುಂಡಿ ಒತ್ತುವವರೆಗೂ ಅಲ್ಲೇ ನಿಂತಿದ್ದೆ.